ಕಾರಿಲ್ಲದೆ ಮೂರು ದಿನ ನಗರ ಸುತ್ತಾಟ: ಎಲ್ಲಿಂದ ಶುರು ಮಾಡಬೇಕು?

ಸಣ್ಣ ಬ್ಯಾಗು

ಎಲ್ಲರಿಗೂ ನಮಸ್ಕಾರ. ಶುಕ್ರವಾರ ಬೆಳಿಗ್ಗೆ ಹೊರಟು ಭಾನುವಾರ ರಾತ್ರಿ ವಾಪಸ್ ಬರುವ ಹಾಗೆ ಒಂದು ಸಣ್ಣ ಪ್ರವಾಸ ಮಾಡೋಣ ಅಂತಿದ್ದೇನೆ. ನಾನು, ಅಮ್ಮ, ಹತ್ತು ವರ್ಷದ ಮಗ. ನನಗೆ ಡ್ರೈವಿಂಗ್ ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ. ಅಮ್ಮನಿಗೆ ಮಂಡಿ ನೋವು. ಸಮತಟ್ಟಾಗಿದ್ದರೆ ಆರಾಮವಾಗಿ ನಡೆಯುತ್ತಾರೆ, ಮೆಟ್ಟಿಲು ಕಂಡರೆ ಮುಖ ಸಣ್ಣದಾಗುತ್ತದೆ. ಮಗನಿಗೆ ಕಿಟಕಿ ಪಕ್ಕ ಜಾಗ ಸಿಕ್ಕರೆ ಸಾಕು.

ಊರು ಇನ್ನೂ ತೀರ್ಮಾನ ಆಗಿಲ್ಲ. ಮೆಟ್ರೋ ಇರುವ ದೊಡ್ಡ ನಗರಕ್ಕೆ ಹೋಗುವುದೋ, ಹಳೇ ಪೇಟೆ ಇರುವ ಸಣ್ಣ ಊರಿಗೆ ಹೋಗುವುದೋ ಗೊತ್ತಾಗುತ್ತಿಲ್ಲ. ನೋಡಬೇಕಾದ ಜಾಗಗಳ ಪಟ್ಟಿ ಮಾತ್ರ ಆಗಲೇ ಒಂದು ಪುಟ ದಾಟಿದೆ. "ಕಾರಿಲ್ಲದೆ ಅಮ್ಮನನ್ನು ಕರ್ಕೊಂಡು ಹೋಗಿ ಒದ್ದಾಡ್ತೀಯ" ಅಂತ ಅಣ್ಣ ಹೆದರಿಸುತ್ತಿದ್ದಾನೆ. ಪಟ್ಟಿಯನ್ನು ಮೂರು ದಿನಕ್ಕೆ ಹೇಗೆ ಹಂಚಲಿ?

ಕಿಟಕಿ ಸೀಟು

ಪಟ್ಟಿ ಈಗ ಮಡಚಿಡಿ ಮೇಡಂ. ಅದು ಕೊನೇ ಕೆಲಸ. ಮೊದಲು ಉಳಿಯುವ ಜಾಗ.

ಕಾರಿದ್ದವರು ಎಲ್ಲಿ ಬೇಕಾದರೂ ರೂಮು ಮಾಡಬಹುದು. ಊರಾಚೆ ಇದ್ದರೂ ಹತ್ತು ನಿಮಿಷ ಜಾಸ್ತಿ ಓಡಿಸಿದರೆ ಮುಗಿಯಿತು. ಕಾರಿಲ್ಲದವರಿಗೆ ಹಾಗಲ್ಲ. ಸ್ಟಾಪಿನಿಂದ ಹೋಟೆಲಿನ ಬಾಗಿಲಿನ ತನಕದ ಆ ತುಂಡು ದಾರಿಯನ್ನು ನೀವು ದಿನಕ್ಕೆ ಎರಡು ಸಲವಾದರೂ ತುಳಿಯುತ್ತೀರಿ. ಬಂದ ದಿನ ಲಗೇಜು ಎಳೆದುಕೊಂಡು, ರಾತ್ರಿ ಸುಸ್ತಾಗಿ, ಮಳೆ ಬಂದರೆ ನೆನೆದುಕೊಂಡು. ಆ ತುಂಡು ಚೆನ್ನಾಗಿದ್ದರೆ ಮಿಕ್ಕಿದ್ದೆಲ್ಲ ಹೇಗೋ ನಡೆಯುತ್ತದೆ.

ಹೋಟೆಲುಗಳು "ನಗರ ಕೇಂದ್ರದಿಂದ 2 ಕಿ.ಮೀ." ಅಂತ ಬರೆದಿರುತ್ತವಲ್ಲ, ಅದನ್ನು ನಂಬಬೇಡಿ. ಎಷ್ಟೋ ಕಡೆ ಅದು ನಕ್ಷೆಯ ಮೇಲೆ ನೇರ ಗೆರೆ ಎಳೆದ ದೂರ. ನಡುವೆ ನದಿ ಇರಬಹುದು, ರೈಲು ಹಳಿ ಇರಬಹುದು, ದಾಟಲು ಆಗದ ಹೆದ್ದಾರಿ ಇರಬಹುದು. ನೀವೇ ನಕ್ಷೆ ತೆರೆದು ಹೋಟೆಲಿನಿಂದ ಸ್ಟಾಪಿಗೆ ನಡೆಯುವ ದಾರಿ ಹಾಕಿ ನೋಡಿ. ಆಮೇಲೆ ರಸ್ತೆಯ ಫೋಟೋಗಳನ್ನು ನೋಡಿ. ಫುಟ್‌ಪಾತ್ ಇದೆಯಾ, ದೀಪ ಇದೆಯಾ, ಏರು ಇದೆಯಾ. ಕಾಲು ಗಂಟೆಯ ಕೆಲಸ, ಆದರೆ ಮೂರು ದಿನದ ಹಣೆಬರಹ ಅಲ್ಲೇ ಇರುತ್ತದೆ.

ಟೈಮ್ ಟೇಬಲ್

ಕಿಟಕಿ ಸೀಟು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸ್ಟಾಪು ಎಷ್ಟು ಹತ್ತಿರ ಅನ್ನುವುದಕ್ಕಿಂತ ಆ ಸ್ಟಾಪಿಗೆ ಎಷ್ಟು ನಿಮಿಷಕ್ಕೊಂದು ಗಾಡಿ ಬರುತ್ತದೆ ಅನ್ನುವುದು ಮುಖ್ಯ.

ಲೆಕ್ಕ ಸುಲಭ. ಟೈಮ್ ಟೇಬಲ್ ನೋಡದೆ ಸುಮ್ನೆ ಹೋಗಿ ನಿಂತರೆ, ಎರಡು ಗಾಡಿಗಳ ನಡುವಿನ ಅಂತರದಲ್ಲಿ ಸರಾಸರಿ ಅರ್ಧದಷ್ಟು ಹೊತ್ತು ಕಾಯಬೇಕು. 6 ನಿಮಿಷಕ್ಕೊಂದು ಬಂದರೆ ಸುಮಾರು 3 ನಿಮಿಷ. 30 ನಿಮಿಷಕ್ಕೊಂದು ಬಂದರೆ 15 ನಿಮಿಷ. ನಡುವೆ ಒಂದು ಕಡೆ ಇಳಿದು ಬದಲಿಸಬೇಕು, ಅಲ್ಲೂ ಅರ್ಧ ಗಂಟೆಗೊಂದು ಅಂದುಕೊಳ್ಳಿ. ಸರಾಸರಿಯೇ ಅರ್ಧ ಗಂಟೆ ಬೆಂಚಿನ ಮೇಲೆ ಹೋಯಿತು. ಗ್ರಹಚಾರ ಕೆಟ್ಟರೆ ಒಂದು ಗಂಟೆ. ಅದಕ್ಕೇ ಪೇಟೆಯಿಂದ ಎರಡೇ ಕಿ.ಮೀ. ಇದ್ದು ಬಸ್ಸು ಅಪರೂಪವಾದ ಹೋಟೆಲಿಗಿಂತ, ಆರು ಕಿ.ಮೀ. ಇದ್ದರೂ ಮೆಟ್ರೋ ಪಕ್ಕದ ಹೋಟೆಲು ವಾಸಿ.

10 ನಿಮಿಷಕ್ಕೊಂದು ಇದ್ದರೆ ಗಡಿಯಾರ ನೋಡುವ ಅಗತ್ಯ ಇಲ್ಲ. 15ರ ತನಕ ಸಹಿಸಬಹುದು. ಅದರಾಚೆ ಹೋದರೆ ಇಡೀ ದಿನವನ್ನು ಬಸ್ಸಿನ ಸಮಯಕ್ಕೆ ಹೊಂದಿಸಿಕೊಳ್ಳಬೇಕಾಗುತ್ತದೆ.

ಇನ್ನೊಂದು. ನೋಡುವಾಗ ಭಾನುವಾರದ ವೇಳಾಪಟ್ಟಿ ನೋಡಿ. ಎಲ್ಲರೂ ವಾರದ ದಿನದ್ದು ನೋಡಿ ಖುಷಿಪಡುತ್ತಾರೆ. ನಿಮ್ಮದು ಶುಕ್ರ, ಶನಿ, ಭಾನು. ಮೂರೂ ದಿನ ಮೂರು ಥರ ಇರಬಹುದು. ಹಬ್ಬ, ರಜಾ ದಿನ ಬಂದರಂತೂ ಕೇಳಲೇಬೇಡಿ. ಲಂಡನ್ನಿನಷ್ಟು ದೊಡ್ಡ ಊರಿನಲ್ಲೇ ಕ್ರಿಸ್‌ಮಸ್ ದಿನ ಟ್ಯೂಬ್ (ಅಲ್ಲಿನ ಮೆಟ್ರೋ) ಇಲ್ಲ, ಸಿಟಿ ಬಸ್ಸೂ ಇಲ್ಲ.

ಗೇರು

ಇಷ್ಟೆಲ್ಲ ಲೆಕ್ಕ ಹಾಕುವ ಬದಲು ಡ್ರೈವರ್ ಸಮೇತ ಒಂದು ಗಾಡಿ ಗೊತ್ತು ಮಾಡಿಕೊಂಡರೆ ಆಗಲ್ವಾ? ವಯಸ್ಸಾದವರು ಇದ್ದಾರೆ. ಬಾಗಿಲಲ್ಲಿ ಹತ್ತಿಸಿಕೊಂಡು ಬಾಗಿಲಲ್ಲಿ ಇಳಿಸುತ್ತಾರೆ. ಸುಮ್ನೆ ಹಟಕ್ಕೆ ಬಸ್ಸು ಹತ್ತಿ ಏನು ಸಾಧಿಸಬೇಕು?

ಕಿಟಕಿ ಸೀಟು

ಗೇರು ಅವರೇ, ಬೆಟ್ಟ, ತೋಟ, ಹಳ್ಳಿ ಕಡೆ ಹೋಗುವುದಾದರೆ ನಿಮ್ಮ ಮಾತಿಗೆ ನನ್ನದೂ ಒಂದು ವೋಟು. ನಗರದ ನಡುವೆ ಮಾತ್ರ ಕಾರೇ ಒಂದು ಲಗೇಜು. ನೋಡುವ ಜಾಗಗಳೆಲ್ಲ ಹಳೇ ಪೇಟೆಯಲ್ಲಿ, ಎಷ್ಟೋ ಊರುಗಳಲ್ಲಿ ಹಳೇ ಪೇಟೆಗೆ ಗಾಡಿ ಬಿಡುವುದಿಲ್ಲ. ಸ್ಪೇನಿನ ಪಾಂಟೆವೆದ್ರಾ ಅನ್ನುವ ಊರು 1999ರಲ್ಲೇ ಪೇಟೆಯ ನಡುಭಾಗದಿಂದ ಕಾರುಗಳನ್ನು ಹೊರಗೆ ಕಳಿಸಿತು. ಬೆಲ್ಜಿಯಮ್ಮಿನ ಗೆಂಟ್ 2017ರಲ್ಲಿ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಕಾರು ನೇರ ಹೋಗದ ಹಾಗೆ ದಾರಿಗಳನ್ನೇ ಬದಲಿಸಿತು. ಕಾಲುವೆಗಳ ಊರಾದ ವೆನಿಸ್ಸಿನಲ್ಲಿ ಪಿಯಾಝಾಲೆ ರೋಮಾ ಅನ್ನುವ ಚೌಕದ ಹತ್ತಿರ ರಸ್ತೆಯೇ ಮುಗಿಯುತ್ತದೆ. ಇಂಥ ಕಡೆ ಕಾರು ಇಟ್ಟುಕೊಂಡವರು ಪಾರ್ಕಿಂಗ್ ಹುಡುಕಿ, ಅಲ್ಲಿಂದ ಬಸ್ಸು ಹಿಡಿದು ನಿಮ್ಮ ಪಕ್ಕದಲ್ಲೇ ಬಂದು ಕೂರುತ್ತಾರೆ.

ನಿಧಾನ

ನಾನು ಇಬ್ಬರ ಮಾತಿನ ನಡುವೆ ನಿಲ್ಲುತ್ತೇನೆ. ಕಾರಿಲ್ಲದ ಪ್ರವಾಸ ಅಂದರೆ ಟ್ಯಾಕ್ಸಿ ಹತ್ತಬಾರದು ಅಂತ ವ್ರತ ಏನಿಲ್ಲವಲ್ಲ. ಬಂದ ದಿನ ನಿಲ್ದಾಣದಿಂದ ಹೋಟೆಲಿಗೆ, ಹೊರಡುವ ದಿನ ಹೋಟೆಲಿನಿಂದ ನಿಲ್ದಾಣಕ್ಕೆ. ಈ ಎರಡು ಓಟಕ್ಕೆ ಟ್ಯಾಕ್ಸಿ ಇಟ್ಟುಕೊಳ್ಳಿ. ಅಮ್ಮನಿಗೆ ಸುಸ್ತಾದ ಸಂಜೆಗೂ ಒಂದು. ಬಜೆಟ್ಟಿನಲ್ಲಿ ಮೊದಲೇ ಬರೆದಿಟ್ಟರೆ ಆಗ ಮನಸ್ಸು ಹಿಂದೆ ಮುಂದೆ ನೋಡುವುದಿಲ್ಲ.

ಇನ್ನು ಮಂಡಿಯ ವಿಷಯ. ಇಲ್ಲಿ ಯಾರೂ ಅದನ್ನು ಸರಿಯಾಗಿ ಎತ್ತಿಕೊಂಡಿಲ್ಲ. "ಮೆಟ್ರೋ ಇರುವ ನಗರ" ಅಂದ ಕೂಡಲೇ ಆರಾಮ ಅಂದುಕೊಳ್ಳಬೇಡಿ. ಹೊಸ ಮೆಟ್ರೋಗಳಲ್ಲಿ ಲಿಫ್ಟ್ ಇರುತ್ತದೆ. ಹಳೇ ಮೆಟ್ರೋಗಳು ಮೆಟ್ಟಿಲಿನ ಕಾರ್ಖಾನೆಗಳು. ನ್ಯೂಯಾರ್ಕಿನ ಸಬ್‌ವೇಯಲ್ಲಿ ಅರ್ಧಕ್ಕಿಂತ ಜಾಸ್ತಿ ನಿಲ್ದಾಣಗಳಿಗೆ ಲಿಫ್ಟ್ ಇಲ್ಲ. ಪ್ಯಾರಿಸ್ ಮೆಟ್ರೋದಲ್ಲಿ ಈ ತುದಿಯಿಂದ ಆ ತುದಿ ತನಕ ಎಲ್ಲ ನಿಲ್ದಾಣದಲ್ಲೂ ಲಿಫ್ಟ್ ಸಿಗುವುದು 14ನೇ ಲೈನಿನಲ್ಲಿ ಮಾತ್ರ. ಅಂಥ ಊರಿನಲ್ಲಿ ಮಂಡಿ ನೋವಿನವರಿಗೆ ಬಸ್ಸು, ಟ್ರಾಮ್ ಮೇಲು. ಫುಟ್‌ಪಾತಿನಿಂದ ನೇರ ಒಳಗೆ ಕಾಲಿಡಬಹುದು. ನಿಧಾನ ನಿಜ, ಆದರೆ ಊರೂ ಕಾಣುತ್ತದೆ.

ಎಷ್ಟೋ ನಗರಗಳು ಮೆಟ್ಟಿಲಿಲ್ಲದ ದಾರಿ ತೋರಿಸುವ ಬೇರೆ ನಕ್ಷೆಯನ್ನೇ ಕೊಡುತ್ತವೆ. ಲಂಡನ್ನಿನದು ಚೆನ್ನಾಗಿದೆ. ಪ್ಲಾಟ್‌ಫಾರ್ಮಿನ ತನಕ ಮಾತ್ರ ಮೆಟ್ಟಿಲಿಲ್ಲವೋ, ರೈಲಿನ ಒಳಗೂ ಸಲೀಸಾಗಿ ಹತ್ತಬಹುದೋ ಅನ್ನುವುದನ್ನೂ ಬೇರೆ ಬೇರೆ ಗುರುತಿನಲ್ಲಿ ತೋರಿಸುತ್ತದೆ. ನೀವು ಹೋಗುವ ಊರಿಗೂ ಇಂಥದ್ದು ಇದೆಯಾ ಹುಡುಕಿ. ಹೊರಡುವ ದಿನ ಬೆಳಿಗ್ಗೆ "ಲಿಫ್ಟ್ ಕೆಲಸ ಮಾಡುತ್ತಿದೆಯಾ" ಅಂತಲೂ ನೋಡಬೇಕು. ಹಲವು ಕಡೆ ಆನ್‌ಲೈನಿನಲ್ಲೇ ಹಾಕಿರುತ್ತಾರೆ.

ನಡಿಗೆಯ ಲೆಕ್ಕವನ್ನೂ ನಿಮ್ಮದೇ ಮಾಡಿಕೊಳ್ಳಿ. ಆ್ಯಪ್‌ಗಳು ಹೆಚ್ಚುಕಡಿಮೆ ಗಂಟೆಗೆ 5 ಕಿ.ಮೀ. ಹಿಡಿದು ಹೇಳುತ್ತವೆ. ಒಂದು ಕಿ.ಮೀ.ಗೆ 12 ನಿಮಿಷ. ಅಮ್ಮನ ಜೊತೆ ಅದೇ ದೂರಕ್ಕೆ 20 ನಿಮಿಷ ಇಟ್ಟುಕೊಳ್ಳಿ, ನಡುವೆ ಕೂರುವುದೂ ಸೇರಿ.

ಸಣ್ಣ ಬ್ಯಾಗು

ಅಬ್ಬಾ, ಇಷ್ಟೊಂದು! ಎಲ್ಲರಿಗೂ ಥ್ಯಾಂಕ್ಸ್. ನಿಧಾನ ಅವರೇ, 12 ಮತ್ತು 20 ನಿಮಿಷದ ಲೆಕ್ಕ ಓದಿ ಪಟ್ಟಿಯಲ್ಲಿ ಅರ್ಧ ಹೊಡೆದು ಹಾಕಿದೆ.

ಒಂದು ಅನುಮಾನ. ಮೆಟ್ರೋ ನಕ್ಷೆ ನೋಡಿದರೆ ಎರಡು ಹೋಟೆಲುಗಳು ಸರಿಹೊಂದುತ್ತಿವೆ. ಒಂದು ಪೇಟೆಯಿಂದ ಮೂರು ಸ್ಟಾಪು, ಇನ್ನೊಂದು ಐದು ಸ್ಟಾಪು. ಮೂರರದ್ದೇ ಹತ್ತಿರ ಅಲ್ವಾ?

ಟೈಮ್ ಟೇಬಲ್

ಅಲ್ಲದೆಯೂ ಇರಬಹುದು. ಮೆಟ್ರೋ ನಕ್ಷೆ ದೂರ ಹೇಳುವುದಿಲ್ಲ, ಯಾವುದಾದ ಮೇಲೆ ಯಾವುದು ಅಂತ ಮಾತ್ರ ಹೇಳುತ್ತದೆ. ಈ ಥರದ ನೇರ ಗೆರೆಗಳ ನಕ್ಷೆಗೆ ಹೆಸರಾದದ್ದು ಲಂಡನ್ನಿನದು. ಹ್ಯಾರಿ ಬೆಕ್ ಅನ್ನುವ ಡ್ರಾಫ್ಟ್ಸ್‌ಮನ್ ಬರೆದದ್ದು, 1933ರಲ್ಲಿ ಜನರ ಕೈಗೆ ಬಂತು. ರೈಲಿನೊಳಗೆ ಕೂತವನಿಗೆ ನೆಲದ ಮೇಲಿನ ದೂರ ಕಟ್ಟಿಕೊಂಡು ಏನಾಗಬೇಕು ಅನ್ನುವುದು ಅವನ ತರ್ಕ. ಸರಿಯೇ. ಆದರೆ ನಡೆಯುವವರು ಅದನ್ನು ನಂಬಿದರೆ ಕಷ್ಟ. ಅದೇ ಲಂಡನ್ನಿನಲ್ಲಿ ಲೆಸ್ಟರ್ ಸ್ಕ್ವೇರ್, ಕವೆಂಟ್ ಗಾರ್ಡನ್ ನಿಲ್ದಾಣಗಳ ನಡುವೆ ಇರುವುದು ಸುಮಾರು 260 ಮೀಟರ್. ಕೆಳಗಿಳಿದು, ರೈಲಿಗೆ ಕಾದು, ಮತ್ತೆ ಮೇಲೆ ಬರುವಷ್ಟರಲ್ಲಿ ನಡೆದವನು ತಲುಪಿ ಕೂತಿರುತ್ತಾನೆ.

ಎರಡೂ ಹೋಟೆಲಿನ ವಿಳಾಸವನ್ನು ಮಾಮೂಲಿ ನಕ್ಷೆಗೆ ಹಾಕಿ. ಶನಿವಾರ ರಾತ್ರಿ 9 ಗಂಟೆ ಅಂತ ಸಮಯ ಕೊಟ್ಟು, ಪೇಟೆಯಿಂದ ಹೋಟೆಲಿಗೆ ಎಷ್ಟು ಹೊತ್ತು ಅಂತ ಕೇಳಿ. ಬೆಳಿಗ್ಗೆ ಹೋಗುವುದಲ್ಲ, ರಾತ್ರಿ ವಾಪಸ್ ಬರುವುದು. ಎಷ್ಟು ಸಲ ಗಾಡಿ ಬದಲಿಸಬೇಕು ಅಂತಲೂ ನೋಡಿ. ಬದಲಿಸದೆ 25 ನಿಮಿಷ, ಬದಲಿಸಿ 18 ನಿಮಿಷ ಅಂತ ಬಂದರೆ ಕಣ್ಣು ಮುಚ್ಚಿ ಮೊದಲನೆಯದಕ್ಕೆ ಹೋಗಿ.

ಕೊನೇ ಲೋಕಲ್

ರಾತ್ರಿ ಅಂದ ಮೇಲೆ ನನ್ನ ಸರದಿ. 😀

ಕೊನೇ ಗಾಡಿ ಎಷ್ಟು ಹೊತ್ತಿಗೆ ಅಂತ ಗೊತ್ತಿಲ್ಲದೆ ಸಂಜೆಯ ಕಾರ್ಯಕ್ರಮ ಹಾಕಿಕೊಳ್ಳಬೇಡಿ. ದೊಡ್ಡ ಊರು ಅಂದರೆ ರಾತ್ರಿಯಿಡೀ ಓಡುತ್ತದೆ ಅಂತಲ್ಲ. ನ್ಯೂಯಾರ್ಕ್ ಸಬ್‌ವೇ, ಕೋಪನ್‌ಹೇಗನ್ ಮೆಟ್ರೋ 24 ಗಂಟೆಯೂ ಓಡುತ್ತವೆ. ಟೋಕಿಯೋದಂಥ ಟೋಕಿಯೋದಲ್ಲೇ ನಡುರಾತ್ರಿ ದಾಟಿದ ಮೇಲೆ ರೈಲು ನಿಂತರೆ ಮತ್ತೆ ಶುರುವಾಗುವುದು ಬೆಳಿಗ್ಗೆ 5ರ ಸುಮಾರಿಗೆ. ಲಂಡನ್ನಿನಲ್ಲಿ 2016ರಿಂದ ರಾತ್ರಿ ಟ್ಯೂಬ್ ಇದೆ, ಅದೂ ಶುಕ್ರವಾರ, ಶನಿವಾರ ರಾತ್ರಿ ಮಾತ್ರ, ಕೆಲವೇ ಲೈನಿನಲ್ಲಿ.

ಕೊನೇದಕ್ಕಿಂತ ಒಂದು ಮುಂಚಿನದ್ದನ್ನು ನಿಮ್ಮ ಕೊನೇ ಗಾಡಿ ಅಂದುಕೊಳ್ಳಿ. ಬದಲಿಸುವ ದಾರಿಯಾದರೆ ಎರಡನೇ ಗಾಡಿಯ ಕೊನೇ ಸಮಯವನ್ನೂ ನೋಡಬೇಕು. ಮೊದಲನೆಯದು ಸಿಕ್ಕಿ ಎರಡನೆಯದು ತಪ್ಪಿದರೆ ಗೊತ್ತಿಲ್ಲದ ಜಂಕ್ಷನ್ನಿನಲ್ಲಿ ಮಗನ ಕೈ ಹಿಡಿದುಕೊಂಡು ನಿಲ್ಲಬೇಕಾಗುತ್ತದೆ.

ಚಿಲ್ಲರೆ ಇದೆಯಾ

ಟಿಕೆಟ್ ಬಗ್ಗೆ ಯಾರೂ ಹೇಳಲಿಲ್ಲ. ಪ್ರವಾಸಿ ಕಾರ್ಡು, ದಿನದ ಪಾಸು ಅಂತ ಕಣ್ಣಿಗೆ ಕುಕ್ಕುವ ಹಾಗೆ ಮಾರುತ್ತಾರೆ. ಕೊಳ್ಳುವ ಮುಂಚೆ ನಿಮ್ಮ ದಿನದಲ್ಲಿ ನಿಜವಾಗಿ ಎಷ್ಟು ಸಲ ಹತ್ತುತ್ತೀರಿ ಎಣಿಸಿ. ಹೋಟೆಲು ಸರಿಯಾದ ಜಾಗದಲ್ಲಿದ್ದರೆ ಎರಡು ಮೂರು ಸಲಕ್ಕಿಂತ ಜಾಸ್ತಿ ಆಗುವುದಿಲ್ಲ. ಆಗ ಬಿಡಿ ಟಿಕೆಟ್ಟೇ ಸಾಕು. ಮ್ಯೂಸಿಯಂ ಸೇರಿದ ಕಾರ್ಡು ದಿನಕ್ಕೆ ನಾಲ್ಕು ಜಾಗ ಓಡುವವರಿಗೆ. ಅಮ್ಮನ ಜೊತೆ ಹೋಗುವವರಿಗಲ್ಲ.

ಕೆಲವು ಊರುಗಳಲ್ಲಿ ಪಾಸಿನ ಯೋಚನೆಯೇ ಬೇಡ. ಲಂಡನ್ನಿನಲ್ಲಿ ಬ್ಯಾಂಕ್ ಕಾರ್ಡು ಮುಟ್ಟಿಸಿಕೊಂಡು ಓಡಾಡಿದರೆ ದಿನಕ್ಕೆ ಒಂದು ಮಿತಿ ದಾಟಿದ ಮೇಲೆ ಮತ್ತೆ ದುಡ್ಡು ಹಿಡಿಯುವುದಿಲ್ಲ. ಒಂದೇ ಎಚ್ಚರಿಕೆ: ನಿಮಗೂ ಅಮ್ಮನಿಗೂ ಸೇರಿ ಒಂದು ಕಾರ್ಡು ನಡೆಯುವುದಿಲ್ಲ, ದೊಡ್ಡವರು ಒಬ್ಬೊಬ್ಬರಿಗೆ ಒಂದೊಂದು ಬೇಕು. ಬೆಳಿಗ್ಗೆ ಕಾರ್ಡು, ಸಂಜೆ ಅದೇ ಕಾರ್ಡಿರುವ ಫೋನು ಮುಟ್ಟಿಸಿದರೆ ಅದು ಬೇರೆ ಬೇರೆ ಲೆಕ್ಕ ಆಗುತ್ತದೆ. ಲಕ್ಸೆಂಬರ್ಗಿನಲ್ಲಿ 2020ರ ಫೆಬ್ರವರಿ 29ರಿಂದ ಇಡೀ ದೇಶದಲ್ಲೇ ಬಸ್ಸು, ಟ್ರಾಮು, ರೈಲಿನ ಎರಡನೇ ದರ್ಜೆ ಉಚಿತ. ಹೊರಗಿನಿಂದ ಬಂದವರಿಗೂ. ಮೆಲ್ಬರ್ನಿನ ನಡುಪೇಟೆಯಲ್ಲಿ 2015ರಿಂದ ಟ್ರಾಮು ಉಚಿತ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹೋಟೆಲಿನಲ್ಲಿ ತಂಗಿದವರಿಗೆ ಊರೊಳಗೆ ಓಡಾಡುವ ಕಾರ್ಡನ್ನು ಹೋಟೆಲಿನವರೇ ಕೊಡುತ್ತಾರೆ, ಜಿನೀವಾದಲ್ಲೂ ಅಷ್ಟೇ. ಹೀಗಾಗಿ ಹೋಟೆಲು ಬುಕ್ ಮಾಡುವ ಮುಂಚೆ ಕೇಳಿ, ಪಾಸು ಕೊಂಡ ಮೇಲೆ ಅಲ್ಲ.

ನಿಲ್ದಾಣದಲ್ಲಿ ಟಿಕೆಟ್ ಗೇಟೇ ಇಲ್ಲದ ಊರುಗಳಲ್ಲಿ ಜಾಸ್ತಿ ಹುಷಾರಾಗಿರಬೇಕು. ಬರ್ಲಿನ್ನಿನ ಮೆಟ್ರೋದಲ್ಲಿ ಯಾರೂ ತಡೆಯುವುದಿಲ್ಲ, ನೇರ ರೈಲು ಹತ್ತಬಹುದು. ಆದರೆ ಕಾಗದದ ಟಿಕೆಟ್ಟನ್ನು ಪ್ಲಾಟ್‌ಫಾರ್ಮಿನ ಮೆಷಿನ್ನಿನಲ್ಲಿ ಮುದ್ರೆ ಹೊಡೆಸಿಕೊಳ್ಳದೆ ಹತ್ತಿದರೆ, ಟಿಕೆಟ್ ಕೊಂಡಿದ್ದರೂ ದಂಡ.

ಸಣ್ಣ ಬ್ಯಾಗು

ಮುದ್ರೆಯ ವಿಷಯ ನನಗೆ ಗೊತ್ತೇ ಇರಲಿಲ್ಲ.

ಈಗ ದೊಡ್ಡ ಪ್ರಶ್ನೆಗೆ ಬರೋಣ. ದೊಡ್ಡ ನಗರವೋ, ಸಣ್ಣ ಊರೋ?

ನಿಧಾನ

ಮೂರು ದಿನಕ್ಕೆ ಸಣ್ಣ ಊರು. ನೋಡುವ ಜಾಗಗಳೆಲ್ಲ ಒಂದೂವರೆ ಕಿ.ಮೀ. ವ್ಯಾಪ್ತಿಯೊಳಗೆ ಇದ್ದರೆ ಬಸ್ಸಿನ ಚಿಂತೆಯೇ ಇಲ್ಲ. ಮಧ್ಯಾಹ್ನ ರೂಮಿಗೆ ಬಂದು ಅಮ್ಮ ಒಂದು ಗಂಟೆ ಕಾಲು ಚಾಚಬಹುದು. ದೊಡ್ಡ ನಗರದಲ್ಲಿ ಇದೊಂದು ಆಗುವುದಿಲ್ಲ.

ಟೈಮ್ ಟೇಬಲ್

ನಾನು ಒಪ್ಪುವುದಿಲ್ಲ. ಸಣ್ಣ ಊರಿನ ತೊಂದರೆ ಊರೊಳಗಲ್ಲ, ಅಲ್ಲಿಗೆ ಹೋಗುವ ದಾರಿಯಲ್ಲಿ. ಎರಡು ಗಂಟೆಗೊಂದು ರೈಲು, ಒಂದು ತಪ್ಪಿದರೆ ಅರ್ಧ ದಿನ ಹೋಯಿತು. ಮೂರು ದಿನದಲ್ಲಿ ಅರ್ಧ ದಿನ ಅಂದರೆ ಆರನೇ ಒಂದು ಭಾಗ. ಬಾಗಿಲಿಂದ ಬಾಗಿಲಿಗೆ ನಾಲ್ಕು ಗಂಟೆ ಮೀರುವ ಊರನ್ನು ಇಷ್ಟು ಸಣ್ಣ ಪ್ರವಾಸಕ್ಕೆ ನಾನಂತೂ ಇಟ್ಟುಕೊಳ್ಳುವುದಿಲ್ಲ.

ವಿಮಾನದಲ್ಲಿ ಹೋಗುವುದಾದರೆ ವಿಮಾನ ನಿಲ್ದಾಣದ ಹೆಸರಿಗೆ ಮರುಳಾಗಬೇಡಿ. ಪ್ಯಾರಿಸ್ ಬೊವೆ ಅಂತ ಬರೆದಿರುತ್ತಾರೆ, ಅದು ಪ್ಯಾರಿಸ್ಸಿನಿಂದ ಸುಮಾರು 80 ಕಿ.ಮೀ. ದೂರ. ಫ್ರಾಂಕ್‌ಫರ್ಟ್ ಹಾನ್ ಸುಮಾರು 120 ಕಿ.ಮೀ. ಇನ್ನೊಂದು ಕಡೆ ಜ್ಯೂರಿಕ್ ನೋಡಿ. ವಿಮಾನ ನಿಲ್ದಾಣದ ಕೆಳಗೇ ರೈಲು, ಹತ್ತು ಹನ್ನೆರಡು ನಿಮಿಷಕ್ಕೆ ಊರ ನಡುವಿನ ಮುಖ್ಯ ನಿಲ್ದಾಣ. ಕಾರಿದ್ದವರಿಗೆ ಈ ವ್ಯತ್ಯಾಸ ಒಂದು ಗಂಟೆಯ ಡ್ರೈವ್, ನಿಮಗೆ ಒಂದು ಹೊತ್ತು.

ನಿಧಾನ

ಅದು ಸರಿ. ದಾರಿ ಚೆನ್ನಾಗಿರುವ ಸಣ್ಣ ಊರು ಅಂತ ತಿದ್ದಿಕೊಳ್ಳುತ್ತೇನೆ. ಆದರೆ ಅಮ್ಮ ಮಲಗಿ ಏಳುವ ಆ ಒಂದು ಗಂಟೆಯನ್ನು ಬಿಟ್ಟುಕೊಡುವುದಿಲ್ಲ. ದೊಡ್ಡ ನಗರಕ್ಕೇ ಹೋದರೂ ಇಡೀ ನಗರ ನೋಡುವ ಆಸೆ ಬಿಡಿ. ಒಂದು ದಿನಕ್ಕೆ ಒಂದೇ ಬಡಾವಣೆ. ಅಲ್ಲಿ ಇಳಿದು ಅಲ್ಲೇ ಸುತ್ತಿ, ಕೂತು, ಅಲ್ಲಿಂದಲೇ ವಾಪಸ್.

ಏರು ತಗ್ಗನ್ನೂ ಮರೀಬೇಡಿ. ನಕ್ಷೆ ಚಪ್ಪಟೆ, ಊರು ಚಪ್ಪಟೆ ಅಲ್ಲ. ಸೈಕಲ್ ದಾರಿ ಹಾಕಿ ನೋಡಿದರೆ ಗೂಗಲ್ ಮ್ಯಾಪ್ಸ್ ಏರಿಳಿತವನ್ನೂ ತೋರಿಸುತ್ತದೆ. ನಡೆಯುವವರೂ ಅದನ್ನು ಬಳಸಿಕೊಳ್ಳಬಹುದು. ಗುಡ್ಡದ ಮೇಲಿನ ಜಾಗಕ್ಕೆ ಗಾಡಿಯಲ್ಲಿ ಹೋಗಿ ನಡೆದುಕೊಂಡು ಇಳಿಯಿರಿ ಅಂತ ಎಲ್ಲರೂ ಹೇಳುತ್ತಾರೆ. ಮಂಡಿ ನೋವಿರುವ ಎಷ್ಟೋ ಜನರಿಗೆ ಇಳಿಯುವುದೇ ಜಾಸ್ತಿ ಕಷ್ಟ. ಅಮ್ಮನನ್ನೇ ಕೇಳಿ, ಏರುವುದು ಕಷ್ಟವೋ ಇಳಿಯುವುದೋ ಅಂತ. ಹಾಂಗ್‌ಕಾಂಗ್‌ನಲ್ಲಿ ಗುಡ್ಡದ ಬೀದಿಗಳ ನಡುವೆ 1993ರಿಂದ ಸುಮಾರು 800 ಮೀಟರ್ ಉದ್ದದ ಎಸ್ಕಲೇಟರ್ ಸಾಲೇ ಇದೆ. ಬೆಳಿಗ್ಗೆ ಕೆಲಸಕ್ಕೆ ಹೋಗುವವರಿಗಾಗಿ ಕೆಳಕ್ಕೆ ಓಡುತ್ತದೆ, 10 ಗಂಟೆಯ ನಂತರ ಮೇಲಕ್ಕೆ. ಹೊತ್ತು ನೋಡಿ ಹೋದರೆ ಮಾತ್ರ ಉಪಯೋಗ.

ಕಿಟಕಿ ಸೀಟು

ನಿಮ್ಮ ಮಗನ ಪಾಲು ಯಾರೂ ಕೇಳಲಿಲ್ಲ ಪಾಪ. ಅವನಿಗೆ ಓಡಾಟವೇ ಪ್ರವಾಸ ಅಲ್ವಾ? ಹಾಗಾದರೆ ಅದನ್ನೇ ಒಂದು ಕಾರ್ಯಕ್ರಮ ಮಾಡಿ. ಇಸ್ತಾಂಬುಲ್ಲಿನಲ್ಲಿ ಜನ ಆಫೀಸಿಗೆ ಹೋಗುವ ಫೆರಿಯಲ್ಲೇ ಒಂದು ಖಂಡದಿಂದ ಇನ್ನೊಂದಕ್ಕೆ ದಾಟಬಹುದು. ಬೊಲಿವಿಯಾದ ಲಾ ಪಾಜ್‌ನಲ್ಲಿ 2014ರಿಂದ ಕೇಬಲ್ ಕಾರೇ ಸಿಟಿ ಬಸ್ಸು. ವೆನಿಸ್ಸಿನಲ್ಲಿ 1ನೇ ನಂಬರಿನ ದೋಣಿ ದೊಡ್ಡ ಕಾಲುವೆಯುದ್ದಕ್ಕೂ ಹೋಗುತ್ತದೆ. ಪ್ರವಾಸಿ ದೋಣಿಗಿಂತ ಅದೇ ಚೆಂದ ಅಂತ ನನ್ನ ಅಭಿಪ್ರಾಯ. ಯಾವ ಊರಾದರೂ ಒಂದು ಉದ್ದನೆಯ ರೂಟು ಇದ್ದೇ ಇರುತ್ತದೆ. ಮೊದಲ ಸ್ಟಾಪಿನಲ್ಲಿ ಹತ್ತಿದರೆ ಸೀಟು ಗ್ಯಾರಂಟಿ. ಅಮ್ಮನ ಕಾಲಿಗೆ ವಿಶ್ರಾಂತಿ, ಮಗನಿಗೆ ಕಿಟಕಿ. ಮಧ್ಯಾಹ್ನದ ಬಿಸಿಲಿನ ಹೊತ್ತಿಗೆ ಇಟ್ಟುಕೊಳ್ಳಿ, ಬೆಳಿಗ್ಗೆ ಸಂಜೆ ಆಫೀಸಿನ ರಶ್ಶಿನಲ್ಲಿ ಬೇಡ.

ಗೇರು

ಇಷ್ಟು ಓದಿದ ಮೇಲೆ ನನ್ನ ವಾದ ಸ್ವಲ್ಪ ಸಡಿಲವಾಗಿದೆ, ಪೂರ್ತಿ ಬಿಟ್ಟಿಲ್ಲ. ಲಗೇಜು ಏನು ಮಾಡುತ್ತೀರಿ? ಕೊನೇ ದಿನ ರೂಮು ಬಿಡುವುದು 11ಕ್ಕೆ, ರೈಲು ರಾತ್ರಿಗೆ. ಕಾರಿದ್ದರೆ ಡಿಕ್ಕಿಯಲ್ಲಿ ಹಾಕಿ ಬಿಡಬಹುದಿತ್ತು.

ಚಿಲ್ಲರೆ ಇದೆಯಾ

ಒಳ್ಳೇ ಪ್ರಶ್ನೆ. ಬಹಳಷ್ಟು ಹೋಟೆಲಿನವರು ರೂಮು ಬಿಟ್ಟ ಮೇಲೂ ಬ್ಯಾಗು ಇಟ್ಟುಕೊಳ್ಳುತ್ತಾರೆ. ಬಂದ ದಿನ ರೂಮು ಸಿಗುವ ಮುಂಚೆಯೂ ಅಷ್ಟೇ. ಅಪಾರ್ಟ್‌ಮೆಂಟ್ ಬಾಡಿಗೆಗೆ ಹಿಡಿದರೆ ಈ ಅನುಕೂಲ ಇರುವುದಿಲ್ಲ. ಕೀಲಿ ಡಬ್ಬಿಯಲ್ಲಿರುತ್ತದೆ, ಕೇಳಲು ಜನವೇ ಇರುವುದಿಲ್ಲ. ಅಲ್ಲೇ ಉಳಿಯುವುದಾದರೆ ನಿಲ್ದಾಣದ ಲಾಕರ್ ಅಥವಾ ಕ್ಲೋಕ್ ರೂಮು ಇದೆಯಾ, ಎಷ್ಟು ಹೊತ್ತಿಗೆ ಮುಚ್ಚುತ್ತಾರೆ ಅಂತ ನೋಡಿಕೊಳ್ಳಿ. ಹೋಟೆಲಿಗೆ ವಾಪಸ್ ಹೋಗಿ ಬ್ಯಾಗು ತರುವುದಕ್ಕಿಂತ ಬೆಳಿಗ್ಗೆಯೇ ನಿಲ್ದಾಣದ ಲಾಕರಿಗೆ ಹಾಕಿದರೆ ಸಂಜೆ ಒಂದು ಓಟ ಉಳಿಯುತ್ತದೆ.

ಚಕ್ರದ ಸೂಟ್‌ಕೇಸಿಗಿಂತ ಬೆನ್ನಿಗೆ ಹಾಕುವ ಬ್ಯಾಗು ವಾಸಿ, ಅದರಲ್ಲೂ ಹಳೇ ಪೇಟೆಯಲ್ಲಿ. ವೆನಿಸ್ಸಿನಲ್ಲಿ 400ಕ್ಕೂ ಹೆಚ್ಚು ಸೇತುವೆಗಳಿವೆ, ಹೆಚ್ಚಿನವಕ್ಕೆ ಮೆಟ್ಟಿಲು. ಅಲ್ಲಿ ಚಕ್ರ ಸುಮ್ನೆ ಭಾರ.

ಸಣ್ಣ ಬ್ಯಾಗು

ನನ್ನ ಹೆಸರಿಗೆ ತಕ್ಕ ಸಲಹೆ. ನೆಟ್ ಇಲ್ಲದ ಕಡೆ ಏನು ಗತಿ? ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡರೆ ಸಾಕಾ?

ಕೊನೇ ಲೋಕಲ್

ಸಾಲದು. ಗೂಗಲ್ ಮ್ಯಾಪ್ಸ್ ಆಫ್‌ಲೈನಿನಲ್ಲಿ ಕಾರಿನ ದಾರಿ ಹೇಳುತ್ತದೆ. ಬಸ್ಸು ರೈಲಿನ ದಾರಿಯನ್ನೂ ನಡಿಗೆಯ ದಾರಿಯನ್ನೂ ಹೇಳುವುದಿಲ್ಲ. ಅಂದರೆ ನಮ್ಮಂಥವರಿಗೆ ಬೇಕಾದದ್ದೇ ಇರುವುದಿಲ್ಲ. ನಡಿಗೆಗೆ ಆರ್ಗ್ಯಾನಿಕ್ ಮ್ಯಾಪ್ಸ್ ಅನ್ನುವ ಆ್ಯಪ್ ಹಾಕಿಕೊಳ್ಳಿ. ಅದು ಜನರೇ ಸೇರಿ ಮಾಡಿದ ಓಪನ್ ಸ್ಟ್ರೀಟ್ ಮ್ಯಾಪ್ ಅನ್ನುವ ನಕ್ಷೆ ಬಳಸುತ್ತದೆ, ನೆಟ್ ಇಲ್ಲದೆಯೂ ನಡೆಯುವ ದಾರಿ ತೋರಿಸುತ್ತದೆ. ಬಸ್ಸು ರೈಲಿಗೆ ಹೋಟೆಲಿನ ವೈಫೈನಲ್ಲಿದ್ದಾಗಲೇ ವಾಪಸ್ ಬರುವ ದಾರಿಯ ಸ್ಕ್ರೀನ್‌ಶಾಟ್ ತೆಗೆದಿಡಿ. ಹೋಟೆಲಿನ ಹೆಸರು, ಸ್ಟಾಪಿನ ಹೆಸರು ಅಲ್ಲಿನ ಲಿಪಿಯಲ್ಲೇ ಇರಲಿ, ಡ್ರೈವರಿಗೆ ತೋರಿಸಬಹುದು. ಒಂದು ಚೀಟಿಯಲ್ಲಿ ಬರೆದು ಮಗನ ಜೇಬಿಗೂ, ಅಮ್ಮನ ಪರ್ಸಿಗೂ ಹಾಕಿ.

ಸಣ್ಣ ಬ್ಯಾಗು

ಸರಿ, ಇಷ್ಟಕ್ಕೆ ಬಂದಿದ್ದೇನೆ, ನೋಡಿ ಹೇಳಿ. ಸಣ್ಣ ಊರೇ. ನೇರ ರೈಲು, ಬದಲಿಸುವ ಹಾಗಿಲ್ಲ, ಎರಡೂವರೆ ಗಂಟೆ. ಹೋಟೆಲು ಟ್ರಾಮ್ ಸ್ಟಾಪಿನಿಂದ 250 ಮೀಟರ್, ಫೋಟೋದಲ್ಲಿ ಸಮತಟ್ಟಾಗಿದೆ, ಲಿಫ್ಟ್ ಇದೆ ಅಂತ ಫೋನ್ ಮಾಡಿ ಕೇಳಿದೆ. ಟ್ರಾಮು 8 ನಿಮಿಷಕ್ಕೊಂದು, ಭಾನುವಾರ 15ಕ್ಕೊಂದು. ಶುಕ್ರವಾರ ಮಧ್ಯಾಹ್ನ ಹಳೇ ಪೇಟೆ, ಶನಿವಾರ ಬೆಳಿಗ್ಗೆ ಮ್ಯೂಸಿಯಂ, ಮಧ್ಯಾಹ್ನ ವಿಶ್ರಾಂತಿ, ಸಂಜೆ ಟ್ರಾಮಿನಲ್ಲಿ ತುದಿಯಿಂದ ತುದಿಗೆ. ಭಾನುವಾರ ನದಿ ದಂಡೆ, ಸಂಜೆ 6ರ ರೈಲು.

ಟೈಮ್ ಟೇಬಲ್

ಚೆನ್ನಾಗಿದೆ. ಮ್ಯೂಸಿಯಂ ಶನಿವಾರ ಎಷ್ಟು ಹೊತ್ತಿಗೆ ತೆರೆಯುತ್ತದೆ, ವಾರದ ರಜೆ ಯಾವತ್ತು ಅಂತ ಅವರದ್ದೇ ಸೈಟಿನಲ್ಲಿ ನೋಡಿ. ಹಲವು ಕಡೆ ಸೋಮವಾರ ರಜೆ, ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಮಂಗಳವಾರ ಮುಚ್ಚುತ್ತದೆ. ಒಂದೊಂದರದ್ದು ಒಂದೊಂದು. 6ರ ರೈಲು ತಪ್ಪಿದರೆ ಮುಂದಿನದು ಇದೆಯಾ?

ಸಣ್ಣ ಬ್ಯಾಗು

8:10ಕ್ಕೆ ಇದೆ. ಅದೇ ಕೊನೇದು.

ಕೊನೇ ಲೋಕಲ್

ಹಾಗಾದರೆ ಸರಿ. ಕೊಂಡ ಟಿಕೆಟ್ಟು 8:10ಕ್ಕೂ ನಡೆಯುತ್ತದಾ, 6ರ ರೈಲಿಗೆ ಮಾತ್ರವಾ ನೋಡಿಕೊಳ್ಳಿ. ಕಡಿಮೆ ದರದ ಟಿಕೆಟ್ಟುಗಳು ಎಷ್ಟೋ ಸಲ ಒಂದೇ ರೈಲಿಗೆ ಕಟ್ಟುಬಿದ್ದಿರುತ್ತವೆ.

ಗೇರು

ಮೇಡಂ, ಅಣ್ಣನಿಗೆ ಈ ಚರ್ಚೆಯ ಲಿಂಕ್ ಕಳಿಸಿ. ಅವರ ಪರ ವಾದ ಮಾಡಲು ನಾನೊಬ್ಬನೇ ಇದ್ದೆ, ನನ್ನಿಂದ ಆಗಲಿಲ್ಲ ಅಂತ ಹೇಳಿ. ನಿಲ್ದಾಣಕ್ಕೆ ಬಿಡುವ ಕೆಲಸವನ್ನಾದರೂ ಅವರಿಗೇ ಕೊಡಿ.

ಸಣ್ಣ ಬ್ಯಾಗು

ಹೇಳಿದೆ. "ಬಿಡ್ತೀನಿ, ಆದರೆ ಪಾರ್ಕಿಂಗ್ ಸಿಗಲ್ಲ, ರಸ್ತೇಲೇ ಇಳ್ಕೋಬೇಕು" ಅಂದ.